ಮಳೆಯ ಸೆಂಟ್, ಜಾಗದ ಸೆಂಟ್: ಏಜೆಂಟಿಗೆ ಟೂಲ್ ವಿವರಣೆ ಬರೆಯುವುದು ಹೇಗೆ?

ಪ್ರಶ್ನೆ: ಹೂಮಳೆ, ಗೋಣಿಕೊಪ್ಪಲು

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊಡಗಿನ ಕೆಲವು ಕಾಫಿ ಬೆಳೆಗಾರರು ತಮ್ಮಲ್ಲೇ ಕಟ್ಟಿಕೊಂಡಿರುವ ಸಣ್ಣ ಗುಂಪೊಂದಕ್ಕಾಗಿ ನಾನು ಎಐ ಏಜೆಂಟ್ (ಭಾಷಾ ಮಾಡೆಲ್ ಬಳಸಿ, ಹೇಳಿದ ಕೆಲಸವನ್ನು ತಾನೇ ಮಾಡುವ ಸಾಫ್ಟ್‌ವೇರ್) ಒಂದನ್ನು ಸಿದ್ಧಪಡಿಸುತ್ತಿದ್ದೇನೆ. ಬೆಳೆಗಾರರು ಮೊಬೈಲಿನಲ್ಲಿ ಬರೆದು ಅಥವಾ ಮಾತಿನಲ್ಲಿ ಹೇಳಿ ಕಳುಹಿಸಿದರೆ ಅದು ತೋಟದ ಮಳೆಯನ್ನು ಬರೆದಿಡಬೇಕು, ಗೋದಾಮಿನಲ್ಲಿರುವ ಕಾಫಿ ಮತ್ತು ಮೆಣಸಿನ ದಾಸ್ತಾನು ಹೇಳಬೇಕು, ಆ ದಿನದ ದರ ತಿಳಿಸಬೇಕು, ಹೂಮಳೆಯ (ಕಾಫಿ ಹೂವು ಅರಳಿಸುವ ಮಳೆಯ) ಕಾಲದಲ್ಲಿ ಸ್ಪ್ರಿಂಕ್ಲರ್ ಹಾಕಬೇಕೇ ಬೇಡವೇ ಎಂದು ನಿರ್ಧರಿಸಲು ನೆರವಾಗಬೇಕು. ಇದಕ್ಕಾಗಿ ಒಟ್ಟು 14 ಟೂಲ್‌ಗಳನ್ನು, ಅಂದರೆ ಏಜೆಂಟ್ ಬೇಕೆಂದಾಗ ಕರೆಯುವ ಸಣ್ಣ ಪ್ರೋಗ್ರಾಂಗಳನ್ನು, ಕೊಟ್ಟಿದ್ದೇನೆ. ಪ್ರತಿಯೊಂದಕ್ಕೂ ಒಂದೊಂದು ಸಾಲಿನ ವಿವರಣೆ ಇದೆ. ಕೋಡಿನಲ್ಲಿ ಟೂಲ್‌ಗಳ ಹೆಸರು ರೋಮನ್ ಅಕ್ಷರಗಳಲ್ಲಿದ್ದು, ಇಲ್ಲಿ ಓದುವವರಿಗೆ ಅನುಕೂಲವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ.

ಮಾರ್ಚ್ ತಿಂಗಳಲ್ಲಿ ಪೊನ್ನಂಪೇಟೆ ಕಡೆಯ ಹಿರಿಯರೊಬ್ಬರು "ನಿನ್ನೆ ರಾತ್ರಿ 80 ಸೆಂಟ್ ಮಳೆ" ಎಂದು ಬರೆದು ಕಳುಹಿಸಿದರು. ತೋಟದವರ ಮಾತಿನಲ್ಲಿ ಮಳೆಯ ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ ಎಂಬುದು ನಿಮಗೆಲ್ಲ ತಿಳಿದದ್ದೇ. ನನ್ನ 'ಮಳೆ_ಸೇರಿಸು' ಟೂಲ್‌ನಲ್ಲಿ 'ಪ್ರಮಾಣ' ಎಂಬ ಒಂದು ಪ್ಯಾರಾಮೀಟರ್ (ಟೂಲ್ ಕರೆಯುವಾಗ ಏಜೆಂಟ್ ತುಂಬಬೇಕಾದ ಖಾನೆ) ಇತ್ತು, ಅದರ ಮುಂದೆ "ಮಳೆಯ ಪ್ರಮಾಣ" ಎಂದಷ್ಟೇ ಬರೆದಿದ್ದೆ. ದತ್ತಾಂಶ ಉಳಿಯುವುದು ಮಿಲಿಮೀಟರಿನಲ್ಲಿ. ಏಜೆಂಟ್ 80 ಎಂದೇ ತುಂಬಿತು. ಹೀಗಾಗಿ 20.3 ಮಿ.ಮೀ. ಆಗಬೇಕಿದ್ದ ಮಳೆ 80 ಮಿ.ಮೀ., ಅಂದರೆ ಮೂರು ಇಂಚಿಗೂ ಮೇಲೆ ಆಯಿತು. ಮರುದಿನ ಅವರು ಸ್ಪ್ರಿಂಕ್ಲರ್ ವಿಷಯ ಕೇಳಿದಾಗ, ಮಳೆ ಧಾರಾಳವಾಗಿ ಬಿದ್ದಿರುವುದರಿಂದ ನೀರು ಕೊಡುವ ಅಗತ್ಯವಿಲ್ಲವೆಂಬ ಉತ್ತರ ಹೋಯಿತು. ರೊಬಸ್ಟಾ ಹೂವು ಸರಿಯಾಗಿ ಅರಳಲು ಒಂದು ಇಂಚಾದರೂ ಬೇಕು ಎಂಬುದು ನಮ್ಮ ಕಡೆಯ ಲೆಕ್ಕ. 80 ಸೆಂಟ್ ಬಿದ್ದ ತೋಟಕ್ಕೆ ಉಳಿದದ್ದನ್ನು ಸ್ಪ್ರಿಂಕ್ಲರಿನಿಂದ ತುಂಬಿಸಬೇಕಾಗುತ್ತದೆ. ಅವರು ಫೋನ್ ಮಾಡಿ, "ಮೂರು ಇಂಚು ಬಿದ್ದಿದ್ದರೆ ಕಣದಲ್ಲಿ ಒಣಗಲು ಹಾಕಿದ ಮೆಣಸೆಲ್ಲ ತೋಡಿಗೆ ಹೋಗುತ್ತಿತ್ತು ಮಗಾ, ಸ್ವಲ್ಪ ನೋಡು" ಎಂದರು. ಅವರು ಅನುಭವಿಗಳಾದ್ದರಿಂದ ಮೋಸ ಹೋಗಲಿಲ್ಲ. ಹೊಸಬರಾಗಿದ್ದರೆ ಆ ವರ್ಷದ ಫಸಲಿಗೇ ಪೆಟ್ಟು ಬೀಳುತ್ತಿತ್ತು ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಅದಾದ ಮೇಲೆ ಇನ್ನೊಬ್ಬರು "40 ಸೆಂಟ್ ಸೇರಿಸಿ" ಎಂದು ಕಳುಹಿಸಿದಾಗ, ಏಜೆಂಟ್ 'ಜಾಗ_ತಿದ್ದು' ಟೂಲ್ ಕರೆದು ಅವರ ತೋಟದ ವಿಸ್ತೀರ್ಣಕ್ಕೆ 40 ಸೆಂಟ್ ಜಾಗ ಕೂಡಿಸಿಬಿಟ್ಟಿತು. ಮತ್ತೊಬ್ಬರು "ಚೆರಿ ಎಷ್ಟಿದೆ ಇವತ್ತು?" ಎಂದು ಒಣಗಿಸಿದ ಕಾಫಿಯ ದರ ಕೇಳಿದರೆ ಗೋದಾಮಿನ ಚೀಲಗಳ ಲೆಕ್ಕ ಕೊಟ್ಟಿತು. ಸಿಸ್ಟಂ ಪ್ರಾಂಪ್ಟನ್ನು (ಏಜೆಂಟಿಗೆ ಆರಂಭದಲ್ಲೇ ಕೊಡುವ ಸಾಮಾನ್ಯ ಸೂಚನೆಗಳನ್ನು) ಎರಡು ಪುಟಕ್ಕೆ ಬೆಳೆಸಿದೆ, ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ನಾನು ಮಾಡೆಲ್ ಬದಲಿಸಬೇಕೇ, ಅಥವಾ ವಿವರಣೆಗಳನ್ನೇ ಬೇರೆ ರೀತಿ ಬರೆಯಬೇಕೇ? ಬರೆಯುವುದಾದರೆ ಎಷ್ಟು ಉದ್ದ, ಯಾವ ಭಾಷೆಯಲ್ಲಿ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಕರಿಮೆಣಸು, ಮಡಿಕೇರಿ

ಮಾಡೆಲ್ ಬದಲಿಸುವ ಮೊದಲು ಅದು ಏನನ್ನು ನೋಡುತ್ತಿದೆ ಎಂಬುದನ್ನು ಒಮ್ಮೆ ಮುಂದಿಟ್ಟುಕೊಳ್ಳಿ. ಅದಕ್ಕೆ ಕಾಣುವುದು ಟೂಲ್‌ನ ಹೆಸರು, ನೀವು ಬರೆದ ವಿವರಣೆ, ಮತ್ತು ಪ್ಯಾರಾಮೀಟರ್‌ಗಳ ಸ್ಕೀಮಾ (ಯಾವ ಖಾನೆಯಲ್ಲಿ ಏನು ತುಂಬಬಹುದು ಎಂಬ ಪಟ್ಟಿ), ಇಷ್ಟು ಮಾತ್ರ. ನಿಮ್ಮ ಕೋಡ್ ಕಾಣುವುದಿಲ್ಲ. ದತ್ತಾಂಶದ ಕಾಲಂ ಮಿಲಿಮೀಟರಿನಲ್ಲಿದೆ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. "ಮಳೆಯ ಪ್ರಮಾಣ" ಎಂದು ಓದಿ, ಬೆಳೆಗಾರರ ಮಾತಿನಲ್ಲಿದ್ದ ಒಂದೇ ಒಂದು ಸಂಖ್ಯೆಯನ್ನು ಅಲ್ಲಿ ತುಂಬಿದ್ದರಲ್ಲಿ ಅದರ ತಪ್ಪು ನನಗೆ ಕಾಣುತ್ತಿಲ್ಲ.

ನಮ್ಮ ತೋಟಕ್ಕೆ ಬೇರೆ ಜಿಲ್ಲೆಯಿಂದ ಹೊಸ ರೈಟರ್ (ತೋಟದ ಲೆಕ್ಕ ಬರೆಯುವವರು) ಬಂದರೆ, ಮಳೆ ಪುಸ್ತಕವನ್ನು ಕೈಗೆ ಕೊಟ್ಟು "ಬರೆಯಪ್ಪಾ" ಎಂದಷ್ಟೇ ಹೇಳಿ ಹೋಗುವುದಿಲ್ಲ. ಮಾಪಕ ಎಲ್ಲಿದೆ, ಯಾವ ಹೊತ್ತಿಗೆ ನೋಡಬೇಕು, ಇಂಚು ಯಾವ ಕಾಲಂನಲ್ಲಿ, ಸೆಂಟ್ ಯಾವ ಕಾಲಂನಲ್ಲಿ, ಮಳೆ ಬಾರದ ದಿನ ಏನು ಬರೆಯಬೇಕು ಎಂದೆಲ್ಲ ಹೇಳುತ್ತೇವೆ. ರೈಟರ್‌ಗೆ ಅನುಮಾನ ಬಂದರೆ ಮನೆಯ ಜಗಲಿಗೆ ಬಂದು ಕೇಳುತ್ತಾರೆ. ಮಾಡೆಲ್ ಅಷ್ಟು ಸುಲಭವಾಗಿ ಕೇಳುವುದಿಲ್ಲ. ಬಿಟ್ಟ ಜಾಗವನ್ನು ತನಗೆ ಸರಿತೋರಿದ್ದರಿಂದ ತುಂಬಿ ಮುಂದೆ ಹೋಗುವುದೇ ಹೆಚ್ಚು. ಆದ್ದರಿಂದ ರೈಟರ್ ಕೇಳಬಹುದಾದ ಪ್ರಶ್ನೆಗಳಿಗೆ ವಿವರಣೆಯಲ್ಲಿ ಮೊದಲೇ ಉತ್ತರ ಇರಬೇಕು. ಪ್ರತಿ ಟೂಲ್‌ಗೆ ಕನಿಷ್ಠ 3-4 ವಾಕ್ಯಗಳಾದರೂ ಬೇಕೆಂದು, ಕ್ಲಾಡ್ ಎಂಬ ಮಾಡೆಲ್ ರೂಪಿಸುವ ಆಂಥ್ರೋಪಿಕ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನನ್ನ ಅನುಭವದಲ್ಲಿ, ಬರೆದಿಡುವ ಅಥವಾ ತಿದ್ದುವ ಟೂಲ್ ಆದರೆ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ.

ನಿಮ್ಮ 'ಮಳೆ_ಸೇರಿಸು' ಟೂಲ್‌ಗೆ ನಾನಾದರೆ ಹೀಗೆ ಬರೆಯುತ್ತೇನೆ:

"ಬೆಳೆಗಾರರು ತಮ್ಮ ತೋಟದ ಮಳೆಮಾಪಕದಲ್ಲಿ ಅಳೆದ ಒಂದು ದಿನದ ಮಳೆಯನ್ನು ದಾಖಲಿಸುತ್ತದೆ. ಈಗಾಗಲೇ ಬಿದ್ದು, ಅಳತೆಯೂ ಆದ ಮಳೆಯನ್ನು ಬೆಳೆಗಾರರೇ ತಿಳಿಸಿದಾಗ ಮಾತ್ರ ಬಳಸಬೇಕು. ಹಿಂದಿನ ಮಳೆಯ ಮೊತ್ತ ಕೇಳಿದರೆ ಇದನ್ನು ಬಳಸಬಾರದು, ಅದಕ್ಕೆ 'ಮಳೆ_ಲೆಕ್ಕ' ಇದೆ. ಜಾಗದ ವಿಸ್ತೀರ್ಣಕ್ಕೂ ಈ ಟೂಲ್‌ಗೂ ಸಂಬಂಧವಿಲ್ಲ. ಮಳೆಯ ಮಾತಿನಲ್ಲಿ ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ: 'ಒಂದು ಇಪ್ಪತ್ತು' ಎಂದರೆ 1 ಇಂಚು 20 ಸೆಂಟ್, ಅಂದರೆ 120 ಸೆಂಟ್. ಜಾಗದ ಮಾತಿನಲ್ಲಿ ಸೆಂಟ್ ಎಂದರೆ ಎಕರೆಯ ನೂರನೇ ಒಂದು ಭಾಗ. ಸಂದೇಶದಲ್ಲಿ ಮಳೆ ಎಂಬ ಮಾತಾಗಲಿ, ಜಾಗ, ಗದ್ದೆ, ತೋಟದ ಅಳತೆ ಎಂಬ ಮಾತಾಗಲಿ ಇಲ್ಲದೆ ಬರಿಯ ಸೆಂಟ್ ಇದ್ದರೆ ಯಾವ ಟೂಲನ್ನೂ ಕರೆಯದೆ, ಯಾವುದರ ಸೆಂಟ್ ಎಂದು ಬೆಳೆಗಾರರನ್ನು ಕೇಳಬೇಕು."

ಇದರಲ್ಲಿ ಅರ್ಧದಷ್ಟು ಜಾಗ ಹೋಗಿರುವುದು ಟೂಲ್ ಏನು ಮಾಡುವುದಿಲ್ಲ ಎಂಬುದಕ್ಕೆ. ನಿಮ್ಮ ಮೂರು ತಪ್ಪುಗಳಲ್ಲಿ ಎರಡು ಒಂದು ಟೂಲ್‌ನ ಬದಲು ಇನ್ನೊಂದನ್ನು ಕರೆದದ್ದರಿಂದ ಆದವು. ಎರಡು ಟೂಲ್‌ಗಳ ನಡುವೆ ಬೇಲಿ ಎಲ್ಲಿದೆ ಎಂದು ಯಾರೂ ತೋರಿಸಿರಲಿಲ್ಲ. ಬೇಲಿಯನ್ನು ಎರಡೂ ಕಡೆಯಿಂದ ತೋರಿಸಬೇಕು. 'ಜಾಗ_ತಿದ್ದು' ವಿವರಣೆಯಲ್ಲೂ ಮಳೆಯ ಸೆಂಟ್ ಇಲ್ಲಿಗೆ ಬರಬಾರದು ಎಂಬ ಮಾತು ಇರಲಿ.

ಸಿಸ್ಟಂ ಪ್ರಾಂಪ್ಟ್ ಬೆಳೆಸಿದ್ದು ಏಕೆ ಫಲ ಕೊಡಲಿಲ್ಲ ಎಂಬುದಕ್ಕೆ ನಿಯಮ ಇದ್ದ ಜಾಗವೇ ಕಾರಣವಿರಬಹುದು. ಒಂದು ಟೂಲ್‌ಗೆ ಸೇರಿದ ನಿಯಮ ಆ ಟೂಲ್‌ನ ಪಕ್ಕದಲ್ಲೇ ಇದ್ದರೆ ಕೆಲಸ ಮಾಡುತ್ತದೆ. ಎರಡು ಪುಟದ ಆಚೆ, ಬೇರೆ ಇಪ್ಪತ್ತು ನಿಯಮಗಳ ನಡುವೆ ಇದ್ದರೆ ಅದರ ಹಿಡಿತ ಸಡಿಲವಾಗುತ್ತದೆ.

ಉತ್ತರ: ಕಕ್ಕಬ್ಬೆ ದಾರಿ, ನಾಪೋಕ್ಲು

ಕರಿಮೆಣಸು ಅವರು ಬರೆದ ವಿವರಣೆ ಚೆನ್ನಾಗಿದೆ, ಆದರೆ ಒಂದು ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಟೂಲ್‌ನ ರಚನೆಯಲ್ಲೇ ಸರಿಪಡಿಸಬಹುದಾದ ದೋಷವನ್ನು ವಿವರಣೆಯ ಮೇಲೆ ಹೊರಿಸಬಾರದು. ವಿವರಣೆ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಮಾಡೆಲ್‌ಗೆ ಒಂದು ಸೂಚನೆ ಮಾತ್ರ. ಸ್ಕೀಮಾ ಮತ್ತು ಅದರ ಹಿಂದಿನ ಕೋಡ್ ತಡೆಗೋಡೆ ಇದ್ದಂತೆ.

'ಪ್ರಮಾಣ' ಎಂಬ ಒಂದೇ ಪ್ಯಾರಾಮೀಟರನ್ನು ತೆಗೆದು ಎರಡು ಮಾಡಿ: 'ಮಳೆ_ಅಳತೆ' ಮತ್ತು 'ಮಳೆ_ಮಾನ' (ಅಳತೆಯ ಯೂನಿಟ್). ಎರಡನೆಯದು ಸೆಂಟ್, ಇಂಚು, ಮಿ.ಮೀ. ಎಂಬ ಮೂರನ್ನು ಮಾತ್ರ ಒಪ್ಪುವ ಎನಮ್ (ಮೊದಲೇ ಗೊತ್ತುಮಾಡಿದ ಆಯ್ಕೆಗಳ ಪಟ್ಟಿ) ಆಗಿರಲಿ. ಅದಕ್ಕೆ ಡೀಫಾಲ್ಟ್ (ತುಂಬದಿದ್ದರೆ ತಾನೇ ಬರುವ ಆಯ್ಕೆ) ಇಡಬೇಡಿ, ಕಡ್ಡಾಯ ಮಾಡಿ. ಆಗ ಮಾನ ಯಾವುದು ಎಂದು ಯೋಚಿಸದೆ ಟೂಲನ್ನು ಕರೆಯಲು ಮಾಡೆಲ್‌ಗೆ ಸಾಧ್ಯವೇ ಆಗುವುದಿಲ್ಲ. ಪರಿವರ್ತನೆಯ ಗುಣಾಕಾರವನ್ನು ಕೋಡ್ ಮಾಡಲಿ. 1 ಇಂಚು ಎಂದರೆ 25.4 ಮಿ.ಮೀ. ಎಂಬುದು ಮಾಡೆಲ್‌ಗೆ ತಿಳಿದಿರುತ್ತದೆ, ನಿಜ; ಆದರೂ ಲೆಕ್ಕವನ್ನು ಪ್ರತಿ ಸಲ ಅದರ ಕೈಗೆ ಕೊಡುವ ಅಗತ್ಯ ನಮಗಿಲ್ಲ. ಬೆಳೆಗಾರರು ಹೇಳಿದ ಅಂಕೆಯನ್ನು ಹೇಳಿದ ಹಾಗೆಯೇ ದಾಟಿಸುವುದು ಮಾತ್ರ ಅದರ ಕೆಲಸ.

ಇಲ್ಲಿ ಕೆಲವರು, ಇಂತಿಷ್ಟು ಮಿಲಿಮೀಟರಿಗಿಂತ ಹೆಚ್ಚು ಬಂದರೆ ತಿರಸ್ಕರಿಸುವ ಮಿತಿ ಹಾಕಿದರೆ ಸಾಕು ಎನ್ನಬಹುದು. ನಮ್ಮ ಜಿಲ್ಲೆಯಲ್ಲಿ ಅದು ಅಷ್ಟು ಸುಲಭವಲ್ಲ. ಜುಲೈ ತಿಂಗಳಲ್ಲಿ ಭಾಗಮಂಡಲದ ಕಡೆ ಒಂದು ದಿನಕ್ಕೆ 80 ಮಿ.ಮೀ. ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅದೇ ಅಂಕೆ ಮಾರ್ಚ್‌ನಲ್ಲಿ ಪೊನ್ನಂಪೇಟೆಯಿಂದ ಬಂದರೆ ನಿಲ್ಲಿಸಿ ಕೇಳಲೇಬೇಕು. ಹೀಗಾಗಿ ಮಿತಿ ತಿಂಗಳಿಗೂ ಊರಿಗೂ ತಕ್ಕಂತೆ ಇರಬೇಕು, ಮತ್ತು ಮಿತಿ ಮೀರಿದಾಗ ಟೂಲ್ ಹಿಂದಿರುಗಿಸುವ ಮಾತು ಮಾಡೆಲ್‌ಗೆ ಮುಂದಿನ ಹೆಜ್ಜೆ ತೋರಿಸುವಂತಿರಬೇಕು. "ದೋಷ: ಅಮಾನ್ಯ ಮೌಲ್ಯ" ಎಂದರೆ ಅದು ಮತ್ತೊಂದು ಅಂಕೆ ತುಂಬಿ ಪ್ರಯತ್ನಿಸುತ್ತದೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರ ಬದಲು "ಮಾರ್ಚ್ ತಿಂಗಳಿಗೆ 80 ಮಿ.ಮೀ. ಬಹಳ ಹೆಚ್ಚು. ದಾಖಲಿಸಿಲ್ಲ. ಇದು 80 ಸೆಂಟ್ ಇರಬಹುದೇ ಎಂದು ಬೆಳೆಗಾರರನ್ನು ಕೇಳಿ, ಅವರ ಉತ್ತರ ಬಂದ ಮೇಲೆ ಮತ್ತೆ ಕರೆಯಿರಿ" ಎಂದು ಬರೆಯಿರಿ. ದೋಷ ಸಂದೇಶವನ್ನೂ ವಿವರಣೆಯ ಒಂದು ಭಾಗವೆಂದೇ ತಿಳಿಯಬೇಕು. ಅದನ್ನು ಮಾಡೆಲ್ ಅಗತ್ಯವಿರುವ ಹೊತ್ತಿನಲ್ಲೇ ಓದುತ್ತದೆ.

ಯಶಸ್ವಿಯಾದಾಗಲೂ "ಸರಿ" ಎಂದು ಸುಮ್ಮನಾಗಬೇಡಿ. "80 ಸೆಂಟ್ (20.3 ಮಿ.ಮೀ.) ದಾಖಲಾಗಿದೆ" ಎಂದು ಟೂಲ್ ಹಿಂದಿರುಗಿಸಲಿ, ಅದು ಹಾಗೆಯೇ ಬೆಳೆಗಾರರಿಗೆ ಹೋಗಲಿ. ನಿಮ್ಮ ಆ ಹಿರಿಯರಿಗೆ ಮೊದಲ ದಿನವೇ "3 ಇಂಚು 15 ಸೆಂಟ್ ದಾಖಲಾಗಿದೆ" ಎಂದು ಕಂಡಿದ್ದರೆ ಅಲ್ಲಿಗೇ ತಡೆಯುತ್ತಿದ್ದರು.

ಚೆರಿಯ ವಿಷಯಕ್ಕೆ ಬಂದರೆ, "ಚೆರಿ ಎಷ್ಟಿದೆ?" ಎಂಬ ಮಾತು ನಮ್ಮಲ್ಲಿ ನಿಜವಾಗಿಯೂ ಎರಡೂ ಅರ್ಥ ಕೊಡುತ್ತದೆ. ಅಂಗಡಿಯಲ್ಲಿ ಕೇಳಿದರೆ ದರ, ಗೋದಾಮಿನ ಬಾಗಿಲಲ್ಲಿ ಕೇಳಿದರೆ ದಾಸ್ತಾನು. ವಿವರಣೆಯಿಂದ ಇದನ್ನು ಪೂರ್ತಿ ಬಿಡಿಸಲು ಆಗುವುದಿಲ್ಲ, ಬಿಡಿಸಬೇಕಾದ ಅಗತ್ಯವೂ ಇಲ್ಲ. 'ದರ_ನೋಡು', 'ದಾಸ್ತಾನು_ನೋಡು' ಎರಡೂ ಓದುವ ಟೂಲ್‌ಗಳು. ಎರಡನ್ನೂ ಕರೆದರೆ ಏನೂ ಕೆಡುವುದಿಲ್ಲ. "ಯಾವುದೆಂದು ಸ್ಪಷ್ಟವಿಲ್ಲದಿದ್ದರೆ ಎರಡನ್ನೂ ಕರೆದು, ದರವನ್ನು ಮೊದಲು ಹೇಳಿ, ದಾಸ್ತಾನನ್ನು ನಂತರ ಒಂದು ಸಾಲಿನಲ್ಲಿ ಹೇಳಬೇಕು" ಎಂದು ಬರೆದರೆ ಸಾಕು. ದರದ ಉತ್ತರದಲ್ಲಿ ಮಾತ್ರ ಮಾನ ಇರಲೇಬೇಕು: ಕಾಫಿಯ ದರ 50 ಕೆ.ಜಿ. ಚೀಲಕ್ಕೆ, ಮೆಣಸಿನ ದರ ಒಂದು ಕೆ.ಜಿ.ಗೆ. ಕಾಫಿಯ ಬಗೆಯೂ ಎನಮ್ ಆಗಿ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಂಬ ನಾಲ್ಕರಲ್ಲಿ ಒಂದಾಗಿರಲಿ. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ. ಇಲ್ಲಿ ಚೆರಿ ಎಂದರೆ ಸಿಪ್ಪೆಯ ಸಮೇತ ಒಣಗಿಸಿದ ಕಾಫಿ, ಗಿಡದಿಂದ ಕೊಯ್ದ ಹಣ್ಣಲ್ಲ ಎಂಬ ಒಂದು ಮಾತನ್ನು ಸೇರಿಸಲು ಮರೆಯಬೇಡಿ. ಇಂಗ್ಲಿಷಿನಲ್ಲಿ ಕಲಿತ ಮಾಡೆಲ್ ಹಣ್ಣೆಂದೇ ತಿಳಿಯುವ ಸಾಧ್ಯತೆ ಹೆಚ್ಚು.

ಆದರೆ 'ಜಾಗ_ತಿದ್ದು' ಟೂಲ್ ಬೇರೆ ಜಾತಿಯದು. ಅದು ದಾಖಲೆಯನ್ನೇ ಬದಲಿಸುತ್ತದೆ. ಬೆಳೆಗಾರರು ಸ್ಪಷ್ಟವಾಗಿ ಹೌದು ಎನ್ನುವವರೆಗೆ ಬದಲಾವಣೆ ಆಗಬಾರದು ಎಂಬ ಕಟ್ಟಳೆ ಕೋಡಿನಲ್ಲೇ ಇರಬೇಕು, ವಿವರಣೆಯ ವಾಕ್ಯವನ್ನು ನಂಬಿ ಕೂರಬಾರದು. ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿ (ಮಾಡೆಲ್‌ಗೆ ಟೂಲ್‌ಗಳನ್ನು ಜೋಡಿಸುವ ಸಾಮಾನ್ಯ ಕ್ರಮ), ಟೂಲ್ ಓದುವುದಕ್ಕೆ ಮಾತ್ರವೇ ಅಥವಾ ಇದ್ದದ್ದನ್ನು ಅಳಿಸಬಲ್ಲದೇ ಎಂದು ಸೂಚಿಸುವ ಗುರುತುಗಳನ್ನು ಇಡಲು ಈಗ ಅವಕಾಶವಿದೆ. ಅವು ಕೂಡ ಸೂಚನೆಗಳೇ ಹೊರತು ಖಾತರಿಯಲ್ಲ ಎಂದು ಆ ಪ್ರೋಟೊಕಾಲ್ ತಾನೇ ಹೇಳುತ್ತದೆ.

ಉತ್ತರ: ಕಿತ್ತಳೆ, ಸೋಮವಾರಪೇಟೆ

ಭಾಷೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಟೂಲ್‌ನ ಹೆಸರಿಗೆ ಹೆಚ್ಚಿನ ಕಡೆ ರೋಮನ್ ಅಕ್ಷರ, ಅಂಕೆ, ಅಡಿಗೆರೆ ಮತ್ತು ಅಡ್ಡಗೆರೆ ಮಾತ್ರ ನಡೆಯುವುದರಿಂದ ಅಲ್ಲಿ ಆಯ್ಕೆಯೇ ಇಲ್ಲ. ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು, ಈಗಿನ ದೊಡ್ಡ ಮಾಡೆಲ್‌ಗಳು ಅದನ್ನು ಓದಬಲ್ಲವು. ಆದರೆ ಅದೇ ಮಾತಿಗೆ ಕನ್ನಡದಲ್ಲಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಖರ್ಚಾಗುತ್ತದೆ, ಮತ್ತು ಟೂಲ್ ವಿವರಣೆಗಳು ಪ್ರತಿ ಸಂದೇಶದ ಜೊತೆಗೂ ಹೋಗುತ್ತವೆ. ನಾನು ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು, ತೋಟದವರು ಬಾಯಲ್ಲಿ ಆಡುವ ಪದಗಳನ್ನು ಮಾತ್ರ ಕನ್ನಡ ಲಿಪಿಯಲ್ಲಿ ಅದರೊಳಗೆ ಇಡುತ್ತೇನೆ. ಹೂಮಳೆ, ಸೆಂಟ್, ಚೆರಿ, ಕಣ, ಮುಕ್ಕಾಲು ಇಂಚು, ಒಂದೂವರೆ ಇಂಚು ಇವು ಇರಲೇಬೇಕು. ಕೊಡವ ತಕ್ಕ್ ಅಥವಾ ಅರೆಭಾಷೆ ಬೆರೆಸಿ ಮಾತನಾಡುವವರು ನಿಮ್ಮ ಗುಂಪಿನಲ್ಲಿದ್ದರೆ, ಅವರು ಕಳುಹಿಸಿದ ಮಾತುಗಳಿಂದಲೇ ಪದಗಳನ್ನು ಆಯ್ದು ಸೇರಿಸಿ, ಊಹೆಯಿಂದ ಬರೆಯಬೇಡಿ.

ಇನ್ನೊಂದು ಹೊಂಡ ಮುಂದೆ ಕಾದಿದೆ, ಈಗಲೇ ಹೇಳಿಬಿಡುತ್ತೇನೆ. "ನಿನ್ನೆ ರಾತ್ರಿಯ ಮಳೆ" ಯಾವ ತಾರೀಕಿನದು? ತೋಟಗಳಲ್ಲಿ ಮಾಪಕ ನೋಡುವುದು ಬೆಳಿಗ್ಗೆ. ಹವಾಮಾನ ಇಲಾಖೆಯ ಮಳೆಯ ದಿನವೂ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಆ ಹೊತ್ತಿಗೆ ಹಿಂದಿನ 24 ಗಂಟೆಯ ಮಳೆಯನ್ನು ಅಳೆಯುತ್ತಾರೆ. ಏಜೆಂಟ್ ಒಮ್ಮೆ ನಿನ್ನೆಯ ತಾರೀಕಿಗೆ, ಒಮ್ಮೆ ಇಂದಿನ ತಾರೀಕಿಗೆ ಬರೆದರೆ ಒಂದೇ ಮಳೆ ಎರಡು ಸಲ ಸೇರಿ ತಿಂಗಳ ಮೊತ್ತ ಕೆಡುತ್ತದೆ. ಪ್ಯಾರಾಮೀಟರ್‌ಗೆ 'ದಿನಾಂಕ' ಎಂಬ ಹೆಸರಿನ ಬದಲು 'ಮಾಪಕ_ನೋಡಿದ_ದಿನಾಂಕ' ಎಂದು ಇಟ್ಟು, ಮಾದರಿಯೊಂದನ್ನು ಕೊಡಿ: 15ರ ಬೆಳಿಗ್ಗೆ "ನಿನ್ನೆ ರಾತ್ರಿಯ ಮಳೆ" ಎಂದರೆ 15ನೇ ತಾರೀಕು. ಹೆಸರನ್ನು ಬದಲಿಸಿದ ಮಾತ್ರಕ್ಕೇ ನನ್ನಲ್ಲಿ ಅರ್ಧಕ್ಕಿಂತ ಹೆಚ್ಚು ಗೊಂದಲ ಹೋಯಿತು.

ಕೊನೆಯದಾಗಿ, ಯಾವ ವಿವರಣೆ ಚೆನ್ನಾಗಿದೆ ಎಂಬುದನ್ನು ನಾವು ಓದಿ ನಿರ್ಧರಿಸಲಾಗದು. ಬೆಳೆಗಾರರು ನಿಜವಾಗಿ ಕಳುಹಿಸಿದ 50 ಮಾತುಗಳನ್ನು, ಅವರವರ ಹೆಸರು ತೆಗೆದು, ಒಂದು ಕಡತದಲ್ಲಿ ಹಾಕಿ. ಪ್ರತಿಯೊಂದರ ಮುಂದೆ ಯಾವ ಟೂಲ್ ಬರಬೇಕು, ಅದರ ಪ್ಯಾರಾಮೀಟರ್‌ಗಳಲ್ಲಿ ಏನು ಬರಬೇಕು ಎಂದು ಬರೆಯಿರಿ. ಯಾವ ಟೂಲೂ ಬರಬಾರದ ಮಾತುಗಳೂ ಅದರಲ್ಲಿರಲಿ. ಒಂದೇ ಮಾತಿಗೆ ಮಾಡೆಲ್ ಎರಡು ಸಲ ಎರಡು ರೀತಿ ನಡೆಯಬಹುದಾದ್ದರಿಂದ ಪ್ರತಿಯೊಂದನ್ನೂ ಹಲವು ಬಾರಿ ಓಡಿಸಿ. ಒಂದು ಸಲಕ್ಕೆ ಒಂದೇ ವಿವರಣೆಯನ್ನು ಬದಲಿಸಿ, ಇಲ್ಲದಿದ್ದರೆ ಯಾವ ಮದ್ದಿನಿಂದ ವಾಸಿಯಾಯಿತೆಂದು ತಿಳಿಯದು. ಮಳೆಯ ವಿವರಣೆ ತಿದ್ದಿದಾಗ ಜಾಗದ ಟೂಲ್ ಕೆಟ್ಟಿರಬಹುದು, ಹಾಗಾಗಿ ಪ್ರತಿ ಸಲವೂ ಪೂರ್ತಿ ಐವತ್ತನ್ನೂ ನೋಡಬೇಕು.

ಮರು ಉತ್ತರ: ಹೂಮಳೆ, ಗೋಣಿಕೊಪ್ಪಲು

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಎರಡು ವಾರ ಇದರಲ್ಲೇ ಕಳೆದೆ. ಮೊದಲು ಕರಿಮೆಣಸು ಅವರ ವಿವರಣೆಯನ್ನು ಮಾತ್ರ ಹಾಕಿ ಓಡಿಸಿದಾಗ ಮಳೆ ಮತ್ತು ಜಾಗದ ಗೊಂದಲ ಬಹುಮಟ್ಟಿಗೆ ಹೋಯಿತು. ಆದರೆ ಏಜೆಂಟ್ ಇಂಚಿನಿಂದ ಮಿಲಿಮೀಟರಿಗೆ ತಾನೇ ಪರಿವರ್ತಿಸಿ ಕಳುಹಿಸುವುದು ಆಗಾಗ ಮುಂದುವರಿಯಿತು. ಮಾನವನ್ನು ಬೇರೆ ಪ್ಯಾರಾಮೀಟರ್ ಮಾಡಿದ ಮೇಲೆ ಅದು ನಿಂತಿತು. ಹಾಗಾಗಿ ಇಬ್ಬರ ಮಾತೂ ಬೇಕಾಯಿತು. 14 ಟೂಲ್‌ಗಳಲ್ಲಿ ನಾಲ್ಕು ಒಂದರ ಕೆಲಸವನ್ನೇ ಇನ್ನೊಂದು ಮಾಡುತ್ತಿದ್ದವು ಎಂಬುದು ವಿವರಣೆ ಬರೆಯುವಾಗಲೇ ತಿಳಿಯಿತು, ಏಕೆಂದರೆ "ಇದನ್ನು ಬಳಸಬಾರದು, ಅದನ್ನು ಬಳಸಿ" ಎಂದು ಬರೆಯಲು ಹೊರಟರೆ ವ್ಯತ್ಯಾಸವೇ ಸಿಗಲಿಲ್ಲ. ಅವನ್ನು ತೆಗೆದಿದ್ದೇನೆ.

ಒಂದು ತೊಡಕು ಉಳಿದಿದೆ. ಕೆಲವರು "1.5 ಇಂಚು" ಎಂದು ಬರೆಯುತ್ತಾರೆ. ಕೆಲವರಿಗೆ ಅದು ಒಂದೂವರೆ ಇಂಚು, ಅಂದರೆ 150 ಸೆಂಟ್. ಮಳೆ ಪುಸ್ತಕದ ರೂಢಿಯವರಿಗೆ ಚುಕ್ಕೆಯ ಈಚೆ ಇಂಚು, ಆಚೆ ಸೆಂಟ್, ಅಂದರೆ 105 ಸೆಂಟ್. ಹೂಮಳೆಯ ಸಮಯದಲ್ಲಿ ಈ 45 ಸೆಂಟಿನ ವ್ಯತ್ಯಾಸ ಸಣ್ಣದಲ್ಲ. ಇದನ್ನು ವಿವರಣೆಯಲ್ಲಿ ಹೇಗೆ ಬರೆಯಲಿ?

ಉತ್ತರ: ಕಕ್ಕಬ್ಬೆ ದಾರಿ, ನಾಪೋಕ್ಲು

ವಿವರಣೆಯಲ್ಲಿ ಬರೆಯಬೇಡಿ, ಮಾಡೆಲ್‌ಗೆ ಅದು ತಿಳಿಯುವ ಬಗೆಯಿಲ್ಲ. ಬರೆದವರಿಗೆ ಮಾತ್ರ ಗೊತ್ತು. 'ಮಳೆ_ಅಳತೆ'ಯನ್ನು ಸಂಖ್ಯೆಯ ಬದಲು ಪಠ್ಯವಾಗಿ ತೆಗೆದುಕೊಳ್ಳಿ, ಏಕೆಂದರೆ ಸಂಖ್ಯೆಯಾದರೆ 1.50 ಮತ್ತು 1.5 ಎರಡೂ ಒಂದೇ ಆಗಿ, ಬರೆದವರು ಕೊಟ್ಟ ಸುಳಿವು ಅಳಿಸಿಹೋಗುತ್ತದೆ. ಅದರ ವಿವರಣೆಯಲ್ಲಿ "ಬೆಳೆಗಾರರು ಬರೆದ ಅಂಕೆಯನ್ನು ಒಂದಕ್ಷರವೂ ಬದಲಿಸದೆ ಕೊಡಬೇಕು" ಎಂಬಷ್ಟು ಇರಲಿ. ಇಂಚಿನ ಅಳತೆಯಲ್ಲಿ ಚುಕ್ಕೆಯ ನಂತರ ಎರಡು ಅಂಕೆಗಳಿದ್ದರೆ ದಾಖಲಿಸಿ. ಒಂದೇ ಅಂಕೆ ಇದ್ದರೆ ದಾಖಲಿಸದೆ, "1 ಇಂಚು 5 ಸೆಂಟೇ, 1 ಇಂಚು 50 ಸೆಂಟೇ ಎಂದು ಬೆಳೆಗಾರರನ್ನು ಕೇಳಿ" ಎಂದು ಟೂಲ್ ಹಿಂದಿರುಗಿಸಲಿ. ಒಬ್ಬ ಬೆಳೆಗಾರರು ಒಮ್ಮೆ ಉತ್ತರಿಸಿದ ಮೇಲೆ ಅವರ ರೂಢಿಯನ್ನು ಅವರ ಖಾತೆಯಲ್ಲಿ ಬರೆದಿಟ್ಟುಕೊಂಡರೆ, ಮುಂದಿನ ಮಳೆಗೆ ಮತ್ತೆ ಕೇಳಬೇಕಾಗುವುದಿಲ್ಲ.